ಇಪ್ಪತ್ತೆರಡು ಸೆಕೆಂಡು

2018ರ ವಿಧಾನಸಭೆ ಚುನಾವಣೆ. ಮೇ 12ಕ್ಕೆ ಮತದಾನ, ಇನ್ನೊಂದೇ ವಾರ ಉಳಿದಿತ್ತು. ಗದಗ-ಬೆಟಗೇರಿಯ ನಮ್ಮ ಓಣಿಗೆ ನಳ ಬಂದು ಹದಿನೆಂಟು ದಿನವಾಗಿತ್ತು. ಮಗ್ಗದ ಸಪ್ಪಳಕ್ಕಿಂತ ಖಾಲಿ ಕೊಡಗಳ ಸಪ್ಪಳವೇ ಜೋರು. ಅಂಥ ಹೊತ್ತಿಗೆ ಅಭ್ಯರ್ಥಿಯೊಬ್ಬರು ಹಾರ ಹಾಕಿಕೊಂಡು ಮತ ಕೇಳಲು ಬಂದರು.

ಎದುರುಮನೆ ಕಾಕು ಎರಡು ಕೊಡ ಅಡ್ಡ ಇಟ್ಟು ನಿಂತಳು. "ಸಾಹೇಬ್ರ, ಹದಿನೆಂಟು ದಿನಾ ಆತು ನಳಾ ಬಂದು. ಏನ್ ಕುಡೀಬೇಕ್ರಿ ನಾವು?"

"ಯವ್ವಾ, ನೀರೊಂದು ಬಿಟ್ಟು ಬ್ಯಾರೆ ಏನರ ಕೇಳು" ಅಂದು ಅವರು ನಕ್ಕರು. ಹಿಂದಿದ್ದವರೂ ಹೋ ಎಂದು ನಕ್ಕರು. ನಾನು ಕಟ್ಟೆ ಮೇಲೆ ನಿಂತು ಮೊಬೈಲ್ ಹಿಡಿದಿದ್ದೆ.

ವಿಡಿಯೋ ಒಟ್ಟು ನಾಲ್ಕು ನಿಮಿಷದ್ದು. ನಕ್ಕಾದ ಮೇಲೆ ಅವರು ಇನ್ನೊಂದು ಮಾತು ಹೇಳಿದ್ದರು: ಹಮ್ಮಿಗಿಯಿಂದ ತುಂಗಭದ್ರೆ ನೀರು ತರುವ ಪೈಪ್ ಒಡೆದಿದೆ, ರಿಪೇರಿ ನಡೆದಿದೆ, ನಾಲ್ಕೈದು ದಿನ ತಡೆಯಿರಿ. ಅದನ್ನು ನಾನು ಕತ್ತರಿಸಿದೆ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ 30 ಸೆಕೆಂಡಿಗಿಂತ ಹೆಚ್ಚಿನದು ಹಿಡಿಯುತ್ತಿರಲಿಲ್ಲ ಎಂಬ ನೆಪ ಇತ್ತು. ಆದರೆ ನಿಜ ಹೇಳಬೇಕೆಂದರೆ ಆ ನಗುವಿನ ಮೇಲೆ ನಿಲ್ಲಿಸಿದರೇ ಚಲೋ ಕಾಣುತ್ತಿತ್ತು. ಇಪ್ಪತ್ತೆರಡು ಸೆಕೆಂಡು.

ಸಂಜೆಯೊಳಗೆ ಅದು ನನ್ನ ಕೈಮೀರಿತ್ತು. ಐದೇ ಕಡೆ ಫಾರ್ವರ್ಡ್ ಮಾಡಬೇಕೆಂಬ ಮಿತಿಯನ್ನು ವಾಟ್ಸ್‌ಆ್ಯಪ್ ಹೇಳಿದ್ದು ಆ ಜುಲೈನಲ್ಲಿ. ನಮ್ಮ ಹೊತ್ತಿಗೆ ಆ ತಡೆ ಇರಲಿಲ್ಲ. ಅದಕ್ಕೂ ಎರಡು ವರ್ಷದ ಹಿಂದೆ, ಮಹದಾಯಿ ನೀರಿನ ಗಲಾಟೆಯಲ್ಲಿ ನವಲಗುಂದ ಕಡೆಯ ಯಮನೂರಿನಲ್ಲಿ ಬಿದ್ದ ಪೊಲೀಸರ ಲಾಠಿ ಏಟಿನ ವಿಡಿಯೋ ಮೊಬೈಲಿಗೆ ಬಂದಾಗ ಡೇಟಾ ಉಳಿಸಲು ಒಮ್ಮೆ ನೋಡಿ ಮುಚ್ಚಿಟ್ಟಿದ್ದೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಆ ಲೆಕ್ಕವೇ ಹೋಯಿತು. ನಮ್ಮ ಓಣಿಯ ಹುಡುಗರು ವಿಡಿಯೋಕ್ಕೆ ಹಾಡು ಸೇರಿಸಿದರು, ಯಾರೋ ಕೊಡದ ಚಿತ್ರ ಅಂಟಿಸಿದರು. ರಾತ್ರಿ ಒಂಬತ್ತಕ್ಕೆ ಸುದ್ದಿ ವಾಹಿನಿಯಿಂದ ಫೋನು: "ಒರಿಜಿನಲ್ ಫೈಲ್ ಕಳಿಸ್ರಿ." ನಾಲ್ಕು ನಿಮಿಷದ್ದನ್ನೇ ಕಳಿಸಿದೆ. ಅವರು ತೋರಿಸಿದ್ದು ನಗುವಷ್ಟನ್ನೇ, ಮೂರು ಸಲ, ಕಾಕುವಿನ ಮುಖಕ್ಕೆ ಕೆಂಪು ವೃತ್ತ ಹಾಕಿ. ಕತ್ತರಿ ನನ್ನೊಬ್ಬನ ಕೈಯಲ್ಲಷ್ಟೇ ಇಲ್ಲ ಎಂದು ಆಗ ತುಸು ಸಮಾಧಾನವಾದದ್ದೂ ಹೌದು.

ಮರುದಿನ ಆ ಪಕ್ಷದ ಹುಡುಗ, ನನ್ನ ಶಾಲೆ ಗೆಳೆಯ, ಮನೆಗೆ ಬಂದ. ಬೈಯಲಿಲ್ಲ. "ಮುಂದಿನ ಮಾತು ಯಾಕ ತಗದಿ ಮಾರಾಯಾ?" ಅಂದ, ಅಷ್ಟೇ. ಪೂರ್ತಿ ವಿಡಿಯೋ ಯೂಟ್ಯೂಬಿಗೆ ಹಾಕಿದೆ. ಮೂರು ದಿನಕ್ಕೆ ನೋಡಿದವರು ನಲವತ್ತೊಂದು ಮಂದಿ. ಅದರಲ್ಲಿ ನಾನೇ ಏಳೆಂಟು ಸಲ.

ಐದನೆಯ ದಿನ ನಸುಕಿನಲ್ಲಿ ನಳ ಬಂತು. ಪೈಪ್ ರಿಪೇರಿ ಮುಗಿದಿತ್ತು, ಅವರು ಹೇಳಿದ ಲೆಕ್ಕಕ್ಕೇ. ಆದರೆ ಓಣಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹುಡುಗನ ವಿಡಿಯೋಕ್ಕ ಹೆದರಿ ನೀರು ಬಿಟ್ರು. ಹಾಗಲ್ಲ ಎಂದು ಹೇಳಲು ಕಾಕುವಿನ ಮನೆಗೆ ಹೋದೆ. ಬ್ಯಾರಲ್, ಹಂಡೆ, ಪಾತೆಲಿ, ಲೋಟ, ಎಲ್ಲದರಲ್ಲೂ ನೀರು ತುಂಬಿಟ್ಟಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಿಸಿ ಮಿರ್ಚಿ ಭಜಿ ತಾಟು ಮುಂದಿಟ್ಟು, "ತಿನ್ನೋ ತಮ್ಮಾ, ನಿನ್ನಿಂದ ಬಂತು" ಅಂದಳು.

ನಾಲ್ಕು ತಿಂದೆ.