ತಡೆಗೋಡೆಗೆ ಚದರ ಅಡಿಯ ದರ ಕೇಳುವವರಿಗೆ

ಕೊಡಗಿನಲ್ಲಿ ಕಲ್ಲಿನ ತಡೆಗೋಡೆಯ ದುರಸ್ತಿಗೆ ಕರೆಯುವವರು ಫೋನಿನಲ್ಲಿ ಮೊದಲು ಕೇಳುವುದು ಚದರ ಅಡಿಗೆ ಎಷ್ಟಾಗುತ್ತದೆ ಎಂದು. ಈ ಪ್ರಶ್ನೆಗೆ ಗೋಡೆಯನ್ನು ನೋಡದೆ ಉತ್ತರ ಕೊಡುವ ಗುತ್ತಿಗೆದಾರರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಚೇರಂಬಾಣೆಯ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಮಾಡಿಸಿದ ಕೆಲಸವನ್ನು ಇಲ್ಲಿ ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಗೋಡೆಯ ಮುಖವನ್ನು ಅಳೆದು ದರ ಹೇಳುವ ಪದ್ಧತಿಯಿಂದ ತೋಟದವರಿಗೂ ನಷ್ಟ, ಮೇಸ್ತ್ರಿಗಳಿಗೂ ಅಪಾಯ ಎಂಬುದು ಆ ಕೆಲಸದಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು.

ಕಾಫಿ ಒಣಗಿಸುವ ಕಣದ ಅಂಚಿಗೆ ಕಟ್ಟಿದ್ದ ಗೋಡೆ ಅದು. ಉದ್ದ 60 ಅಡಿ, ಎತ್ತರ 10 ಅಡಿ. ಗಾರೆ ಇಲ್ಲದೆ ಬರೀ ಕಲ್ಲಿನಿಂದ ಕಟ್ಟಿದ, ಈಗಿನ ಮಾಲೀಕರ ತಂದೆಯ ಕಾಲದ ಕಟ್ಟಣೆ. ಕೆಳಗೆ ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹೋಗುವ ದಾರಿಯಿದೆ. ಬೆಳಗ್ಗೆ ಸಂಜೆ ಮಕ್ಕಳು ಅಲ್ಲೇ ಓಡಾಡುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡಗಳು ಜಾರಿದ ಮೇಲೆ ಜಿಲ್ಲೆಯ ಜನರೆಲ್ಲ ತಮ್ಮ ಮನೆಯ ಹಿಂದುಮುಂದಿನ ಗೋಡೆಗಳನ್ನು ಆತಂಕದಿಂದ ನೋಡತೊಡಗಿದ್ದರು. ಈ ತೋಟದವರೂ ಆ ಭಯದಲ್ಲಿಯೇ, ಗೋಡೆ ಗಟ್ಟಿಯಾಗಲಿ ಎಂದು, ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟ್ ತುಂಬಿಸಿ ಪಾಯಿಂಟಿಂಗ್ ಮಾಡಿಸಿದ್ದರು. ಅದುವರೆಗೆ ಅಲ್ಲಾಡದೆ ನಿಂತಿದ್ದ ಗೋಡೆ ಅನಂತರದ ಕೆಲವೇ ಮಳೆಗಾಲಗಳಲ್ಲಿ ಹೊಟ್ಟೆ ಬಿಟ್ಟಿತು. ನಾನು ಹೋಗಿ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿದಾಗ ನಡುವಿನ 20 ಅಡಿಯಷ್ಟು ಉದ್ದಕ್ಕೆ, ಬುಡದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ, ಕಲ್ಲುಗಳು ಐದು ಅಂಗುಲ ಮುಂದಕ್ಕೆ ಬಂದಿದ್ದವು. ಸಿಮೆಂಟ್ ಮಾತ್ರ ಎಲ್ಲಿಯೂ ಉದುರಿರಲಿಲ್ಲ.

ಗಾರೆಯಿಲ್ಲದ ಕಟ್ಟಣೆಯಲ್ಲಿ ಪ್ರತಿಯೊಂದು ಸಂದೂ ನೀರು ಹೊರಬರುವ ದಾರಿ. ಅದನ್ನು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಮಾಲೀಕರಿಗೆ ನಾನು ಲೆಕ್ಕ ಮಾಡಿಯೇ ತೋರಿಸಿದೆ. 10 ಅಡಿ ಎತ್ತರದ ಗೋಡೆಯ ಹಿಂದೆ ನೀರು ಬಸಿದುಹೋಗುವ ಸಾಧಾರಣ ಮರಳುಮಿಶ್ರಿತ ಮಣ್ಣಿದ್ದರೆ, ಗೋಡೆಯ ಒಂದೊಂದು ಅಡಿ ಉದ್ದದ ಮೇಲೆ ಸುಮಾರು 850 ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ. ಅದೇ ಮಣ್ಣಿನಲ್ಲಿ ನೀರು ತುದಿಯವರೆಗೆ ತುಂಬಿ ನಿಂತರೆ ಅದು 1,800 ಕೆ.ಜಿ. ದಾಟುತ್ತದೆ, ಅಂದರೆ ಎರಡು ಪಟ್ಟಿಗೂ ಹೆಚ್ಚು. ಆ ಕಣದ ವಿಸ್ತಾರ 2,400 ಚದರ ಅಡಿ. ಜುಲೈ ತಿಂಗಳಲ್ಲಿ ಭಾಗಮಂಡಲದ ಕಡೆ ದಿನಕ್ಕೆ 100 ಮಿ.ಮೀ. ಮಳೆ ಸುರಿಯುವುದು ಯಾರಿಗೂ ಹೊಸತಲ್ಲ. ಅಂಥ ಒಂದು ದಿನದಲ್ಲಿ ಕಣದ ಮೇಲೆಯೇ 22,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಕಣದ ಇಳಿಜಾರು ಗೋಡೆಯ ಕಡೆಗಿತ್ತು, ಅಂಚಿನಲ್ಲಿ ಚರಂಡಿಯೂ ಇರಲಿಲ್ಲ.

ಮಾಲೀಕರು ವಯಸ್ಸಾದವರು, ಮಾತು ಕೇಳುವ ಸ್ವಭಾವದವರು. ಆದರೆ ಅಷ್ಟರಲ್ಲಾಗಲೇ ಬೇರೊಬ್ಬ ಗುತ್ತಿಗೆದಾರರು ಬಂದು, ಉಬ್ಬಿದ ಗೋಡೆಯ ಮುಖಕ್ಕೆ ಕಂಬಿಯ ಜಾಲರಿ ಹೊಡೆದು ನಾಲ್ಕು ಅಂಗುಲ ಕಾಂಕ್ರೀಟ್ ಹಾಕಿಕೊಡುವುದಾಗಿ ಚದರ ಅಡಿಯ ಲೆಕ್ಕದಲ್ಲಿ ದರ ಕೊಟ್ಟುಹೋಗಿದ್ದರು. ಅದು ನನ್ನ ಎಸ್ಟಿಮೇಟಿನ ಅರ್ಧಕ್ಕಿಂತ ಕಡಿಮೆಯಿತ್ತು. ಹಿಂದೆ ನಿಂತ ನೀರಿಗೆ ದಾರಿ ಮಾಡದೆ ಮುಂದಿನಿಂದ ಇನ್ನೊಂದು ಪದರ ಹಾಕುವುದು ಪಾಯಿಂಟಿಂಗ್ ಮಾಡಿದ ತಪ್ಪನ್ನೇ ಹೆಚ್ಚು ಹಣ ಕೊಟ್ಟು ಮತ್ತೆ ಮಾಡಿಸಿದಂತೆ ಎಂದು ನಾನು ಹೇಳಿದೆ. ಅವರು ಎರಡು ದಿನ ಯೋಚಿಸಿ ಕೆಲಸ ನನಗೆ ಕೊಟ್ಟರು.

ನನ್ನ ದರ ಹೇಗೆ ಬಂತೆಂಬುದನ್ನು ಬಿಡಿಸಿ ಹೇಳುತ್ತೇನೆ. ಹೊಟ್ಟೆ ಬಿಟ್ಟಿರುವುದು 20 ಅಡಿಯೇ ಆದರೂ ಎರಡು ಕಡೆಯೂ ಐದೈದು ಅಡಿ ಮೆಟ್ಟಿಲುಮೆಟ್ಟಿಲಾಗಿ ಬಿಚ್ಚದಿದ್ದರೆ ಹೊಸ ಕಟ್ಟಣೆ ಹಳೆಯದಕ್ಕೆ ಕಚ್ಚಿಕೊಳ್ಳುವುದಿಲ್ಲ. ಹಾಗಾಗಿ 30 ಅಡಿ ಹಿಡಿಯಬೇಕು. ಬುಡದಲ್ಲಿ 5 ಅಡಿ, ತಲೆಯಲ್ಲಿ 2 ಅಡಿ ದಪ್ಪವಿಟ್ಟರೆ 1,050 ಘನ ಅಡಿ. ಪಾಯವೂ ಸೇರಿದರೆ ಸುಮಾರು 1,300. ಒಬ್ಬ ಮೇಸ್ತ್ರಿ ಮತ್ತು ಇಬ್ಬರು ಕೈಯಾಳುಗಳು ದಿನಕ್ಕೆ 40 ಘನ ಅಡಿ ಕಟ್ಟಿದರೆ ಅದು ಒಳ್ಳೆಯ ಕೆಲಸ. ಮೇಸ್ತ್ರಿಗೆ 1,200, ಕೈಯಾಳಿಗೆ 800 ರೂಪಾಯಿಯಂತೆ ಹಿಡಿದರೆ ಘನ ಅಡಿಗೆ 70 ರೂಪಾಯಿ ಕೂಲಿಯೇ ಆಯಿತು. 1,300 ಘನ ಅಡಿಯ ಈ ಕೂಲಿಯನ್ನು ಗೋಡೆಯ 300 ಚದರ ಅಡಿ ಮುಖಕ್ಕೆ ಹಂಚಿದರೆ ಚದರ ಅಡಿಗೆ 300 ರೂಪಾಯಿ ದಾಟುತ್ತದೆ. ಅದೇ 5 ಅಡಿ ಎತ್ತರದ ಗೋಡೆಯಾಗಿದ್ದರೆ ಅಷ್ಟು ದಪ್ಪ ಬೇಕಾಗುವುದಿಲ್ಲ. ಚದರ ಅಡಿಗೆ 180 ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಎತ್ತರ ಎರಡು ಪಟ್ಟಾದರೆ ಕಲ್ಲು ಮೂರೂವರೆ ಪಟ್ಟಾಗುತ್ತದೆ ಎಂಬುದನ್ನು ಬಿಟ್ಟು ಎಲ್ಲ ಗೋಡೆಗೂ ಒಂದೇ ಚದರ ಅಡಿ ದರ ಹೇಳುವವರು ಎತ್ತರದ ಗೋಡೆಯಲ್ಲಿ ದಪ್ಪವನ್ನು ಕದಿಯುತ್ತಾರೆ. ಬೇರೆ ದಾರಿ ಅವರಿಗೂ ಇರುವುದಿಲ್ಲ.

ಕಲ್ಲಿನ ಸಾಗಣೆಯೂ ಮುಖದ ಅಳತೆಯಲ್ಲಿ ಕಾಣುವುದಿಲ್ಲ. ಕುಶಾಲನಗರದ ಕಡೆಯಿಂದ ಟಿಪ್ಪರ್ ಬಂದರೂ ಅದು ಡಾಂಬರು ರಸ್ತೆಯಲ್ಲೇ ಖಾಲಿಯಾಗಬೇಕು. ಅಲ್ಲಿಂದ ತೋಟದೊಳಗೆ ಟ್ರ್ಯಾಕ್ಟರಿನಲ್ಲಿ, ಕೊನೆಯ ಇಳಿಜಾರಿನಲ್ಲಿ ತಲೆಹೊರೆಯಲ್ಲಿ ಸಾಗಬೇಕು. ಕಲ್ಲನ್ನು ಒಂದು ಸಲ ಎತ್ತಿ ಇಳಿಸುವುದಕ್ಕೂ ಮೂರು ಸಲ ಎತ್ತಿ ಇಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ದರಪಟ್ಟಿ ನೋಡಿ ಎಸ್ಟಿಮೇಟ್ ಬರೆಯುವವರು ಎಂದಿಗೂ ಹಿಡಿಯುವುದಿಲ್ಲ. ಕಾಲದ ಲೆಕ್ಕವೂ ಹಾಗೆಯೇ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲಿಗೆ ಹೋದ ಆಳುಗಳು ಕಲ್ಲಿನ ಕೆಲಸಕ್ಕೆ ಸಿಗುವುದಿಲ್ಲ. ಜೂನ್ ಬಂದರೆ ಮಣ್ಣು ಮುಟ್ಟುವಂತಿಲ್ಲ. ಉಳಿಯುವುದು ಏಪ್ರಿಲ್ ಮತ್ತು ಮೇ. ಆ ಎರಡು ತಿಂಗಳಲ್ಲೂ ಸಂಜೆಯ ಗುಡುಗುಮಳೆ ಯಾವ ದಿನ ಬರುತ್ತದೆಂದು ಹೇಳಲಾಗದು.

ಈ ಕಾರಣಗಳಿಂದ ನಾನು ಕಟ್ಟಣೆಗೆ ಘನ ಅಡಿಯ ದರ, ಹೊಸ ಕಲ್ಲಿಗೆ ಅಟ್ಟಿ ಹಾಕಿ ಅಳೆದ ಯೂನಿಟ್ (100 ಘನ ಅಡಿ) ದರ ಬರೆದು, ಕೊನೆಗೆ ಬೇರೆಯಾಗಿಯೇ ಒಂದು ಸಾಲು ಸೇರಿಸಿದ್ದೆ: ಗೋಡೆ ಬಿಚ್ಚಿದ ಮೇಲೆ ಒಳಗೆ ಒರತೆ, ಸಡಿಲ ಮಣ್ಣು, ಬೇರು ಇತ್ಯಾದಿ ಕಂಡರೆ ಆ ಕೆಲಸಕ್ಕೆ ದಿನಗೂಲಿ ಮತ್ತು ಸಾಮಾನಿನ ನಿಜವಾದ ಖರ್ಚು. ತೋಟದ ಲೆಕ್ಕಪತ್ರ ನೋಡುವ ರೈಟರ್ ಆ ಸಾಲಿನ ಮೇಲೆ ಬೆರಳಿಟ್ಟು, “ಇದಕ್ಕೆ ಮೊತ್ತವೇ ಇಲ್ಲವಲ್ಲ ಸಾರ್” ಎಂದರು. ಬಿಚ್ಚದೆ ಮೊತ್ತ ಬರೆದರೆ ಅದು ಸುಳ್ಳಾಗುತ್ತದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

ಕೆಲಸವನ್ನು ಹತ್ತು ಹತ್ತು ಅಡಿಯ ಮೂರು ಭಾಗ ಮಾಡಿಕೊಂಡೆವು. ಒಂದು ಭಾಗವನ್ನು ಮೇಲಿನಿಂದ ವರಸೆ ವರಸೆಯಾಗಿ, ಅಂದರೆ ಕಲ್ಲಿನ ಒಂದೊಂದೇ ಸಾಲಾಗಿ, ಬಿಚ್ಚಿ, ಪಾಯ ತೆಗೆದು, ಕಟ್ಟಣೆ ಅರ್ಧ ಎತ್ತರಕ್ಕೆ ಬರುವವರೆಗೆ ಮುಂದಿನ ಭಾಗವನ್ನು ಮುಟ್ಟುವಂತಿಲ್ಲ ಎಂಬುದು ನಿಯಮ. ಕಣದ ಮೇಲೆ, ಅಂಚಿನಿಂದ ನಾಲ್ಕು ಅಡಿ ಹಿಂದೆ, ಗೋಡೆಗೆ ಸಮಾನಾಂತರವಾಗಿ ಒಂದು ಸಣ್ಣ ಬಿರುಕು ಮೊದಲೇ ಇತ್ತು. ಅದರ ಮೇಲೆ ಮೂರು ಕಡೆ ಅಡ್ಡಡ್ಡವಾಗಿ ಸಿಮೆಂಟಿನ ತೆಳುವಾದ ಪಟ್ಟಿ ಎಳೆದು ದಿನಾಂಕ ಗೀಚಿದ್ದೆ. ಒಳಗೆ ಮಣ್ಣು ಸರಿದರೆ ಪಟ್ಟಿ ಒಡೆಯುತ್ತದೆ.

ಎರಡನೆಯ ಭಾಗವನ್ನು ಬಿಚ್ಚಿ ಪಾಯ ತೆಗೆಯುತ್ತಿದ್ದ ದಿನ ಜೆಸಿಬಿ ಬೆಳಗ್ಗೆಯೇ ಬಂದಿತ್ತು. ಹಿಂದಿನ ಸಂಜೆ ಒಂದು ಮಳೆ ಬಿದ್ದಿತ್ತು. ರೈಟರ್ ಬಂದು, “ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡ್ತಾ ಇದೆ, ಮೂರನೇ ಭಾಗವನ್ನೂ ಇವತ್ತೇ ಎಳೆದುಹಾಕಲಿ, ನಾಳೆ ಮತ್ತೆ ಗಾಡಿ ಕರೆಸೋ ಖರ್ಚು ಉಳಿಯುತ್ತೆ” ಎಂದು ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ. ಮಾತು ಜೋರಾಯಿತು. ಜೆಸಿಬಿಯ ಡ್ರೈವರ್ ಎಂಜಿನ್ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತ ಕುಳಿತ. ಮಾತು ಮುರಿಯಲೆಂದೇ ನಾನು ಕಣದ ಮೇಲೆ ಹೋಗಿ ಪಟ್ಟಿಗಳನ್ನು ನೋಡಿದೆ. ಎರಡು ಹಾಗೆಯೇ ಇದ್ದವು. ನಡುವಿನದು ಸೀಳಿತ್ತು, ಸಂದು ಬ್ಲೇಡಿನಷ್ಟು ದಪ್ಪವೂ ಇರಲಿಲ್ಲ, ಆದರೆ ಸೀಳಿನ ಅಂಚು ಹೊಸದಾಗಿತ್ತು, ಒಳಗೆ ಧೂಳು ಕೂತಿರಲಿಲ್ಲ.

ಕೆಳಗೆ ಪಾಯದ ಗುಂಡಿಯಲ್ಲಿ ಪಿರಿಯಾಪಟ್ಟಣದ ಕಡೆಯ ಹಿರಿಯ ಮೇಸ್ತ್ರಿಯೂ ಒಬ್ಬ ಹುಡುಗನೂ ಕೆಸರು ತೆಗೆಯುತ್ತಿದ್ದರು. “ಮೇಸ್ತ್ರಿಯವರೇ, ಮೇಲೆ ಬನ್ನಿ, ಹುಡುಗನನ್ನೂ ಕರೆಯಿರಿ” ಎಂದು ಕೂಗಿದೆ. ಅವರು ಯಾಕೆ ಎಂದು ಕೇಳದೆ ಬಾಂಡ್ಲಿ ಅಲ್ಲೇ ಬಿಟ್ಟು ಹತ್ತಿದರು. ಹುಡುಗ ಎರಡು ಹೆಜ್ಜೆ ಬಂದವನು ಹಾರೆ ತರಲು ತಿರುಗಿದ. ಮೇಸ್ತ್ರಿ ಅವನ ರಟ್ಟೆ ಹಿಡಿದು ಎಳೆದುಕೊಂಡೇ ಬಂದರು. ಆಮೇಲೆ ಏನೂ ಆಗಲಿಲ್ಲ. ಎಲ್ಲರೂ ದಾರಿಯ ಆಚೆ ಬದಿಯಲ್ಲಿ ನಿಂತು ಕತ್ತರಿಸಿದ ಮಣ್ಣನ್ನೇ ನೋಡುತ್ತಿದ್ದೆವು. ಹೊತ್ತು ಹೋಗುತ್ತಿತ್ತು, ಬಾಡಿಗೆಯೂ ಓಡುತ್ತಿತ್ತು. “ಏನೂ ಆಗಲಿಲ್ಲವಲ್ಲ ಸಾರ್” ಎಂದು ರೈಟರ್ ಹೇಳಿದಾಗ, ಸರಿ ಇಳಿಯಲಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಗ ಮಣ್ಣಿನ ಬುಡದಲ್ಲಿ ಒಂದು ಕಡೆ ಬಣ್ಣ ಕಪ್ಪಾಗುತ್ತಿರುವುದು ಕಂಡಿತು. ಅಲ್ಲಿಂದ ಗೋಲಿಯಷ್ಟು ಗಾತ್ರದ ಹೆಂಟೆಗಳು ಒಂದೊಂದಾಗಿ ಉರುಳಿದವು. ಮರುಕ್ಷಣ ಎಂಟು ಅಡಿ ಅಗಲದ ಮಣ್ಣು, ಕಣದ ಅಂಚಿನ ಸಮೇತ, ಗುಂಡಿಗೆ ಕುಳಿತುಬಿಟ್ಟಿತು. ಹಾರೆಯೂ ಬಾಂಡ್ಲಿಯೂ ಎದೆಮಟ್ಟದ ಮಣ್ಣಿನ ಅಡಿಯಲ್ಲಿದ್ದವು. ಪಕ್ಕದಲ್ಲಿ ಅರ್ಧ ಕಟ್ಟಿದ್ದ ಮೊದಲನೆಯ ಭಾಗವೂ ಬಿಚ್ಚದೆ ಬಿಟ್ಟಿದ್ದ ಮೂರನೆಯ ಭಾಗವೂ ಹಿಡಿದುಕೊಂಡಿದ್ದರಿಂದ ಜಾರಿಕೆ ಅಷ್ಟಕ್ಕೇ ನಿಂತಿತು. ಅಂದು ರೈಟರ್ ಹೇಳಿದಂತೆ ಎಲ್ಲವನ್ನೂ ಎಳೆದಿದ್ದರೆ ಕಣವೂ ಉಳಿಯುತ್ತಿರಲಿಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ.

ಮಧ್ಯಾಹ್ನದೊಳಗೆ ಕಣದ ಮೇಲೆ ಮರಳಿನ ಚೀಲ ಜೋಡಿಸಿ ನೀರನ್ನು ಬೇರೆ ಕಡೆಗೆ ತಿರುಗಿಸಿ, ಜಾರಿದ ಭಾಗಕ್ಕೆ ಟಾರ್ಪಾಲು ಹೊದಿಸಿದೆವು. ಮಾರನೆಯ ದಿನದಿಂದ ಐದೈದು ಅಡಿಯಂತೆ ಮಣ್ಣು ತೆಗೆದಾಗ ಬುಡದಲ್ಲಿ ಒರತೆ ಸಿಕ್ಕಿತು. ಅದರ ಬಾಯಿಗೆ ಜಲ್ಲಿ ತುಂಬಿ, ತೂತು ಕೊರೆದ ನಾಲ್ಕು ಅಂಗುಲದ ಪೈಪ್ ಇಟ್ಟು, ಗೋಡೆಯ ಬುಡದಿಂದ ಹೊರಕ್ಕೆ ದಾರಿ ಮಾಡಿಕೊಟ್ಟ ಮೇಲೆಯೇ ಪಾಯದ ಕಲ್ಲು ಇಳಿಸಿದ್ದು. ಕಟ್ಟಣೆಯಲ್ಲಿ ಹೊಸತೇನೂ ಇಲ್ಲ: ಪ್ರತಿ ವರಸೆಯೂ ಒಳಗಡೆಗೆ ಸ್ವಲ್ಪ ವಾಲಿರಬೇಕು, ಸಂದಿನ ಮೇಲೆ ಸಂದು ಬರಬಾರದು, ಗೋಡೆಯ ಒಳಕ್ಕೆ ಉದ್ದವಾಗಿ ಹೋಗುವ ಕಟ್ಟುಗಲ್ಲು ನಾಲ್ಕೈದು ಅಡಿಗೊಂದಾದರೂ ಇರಬೇಕು. ಹಿಂದೆ ಒಂದು ಅಡಿ ದಪ್ಪಕ್ಕೆ ಕೈಯಿಂದ ಜೋಡಿಸಿದ ಕಲ್ಲು ಮತ್ತು ಜಲ್ಲಿ, ಅದರ ಹಿಂದೆ ಎಂಟು ಅಂಗುಲಕ್ಕೊಮ್ಮೆ ದಮ್ಮಸು ಮಾಡಿದ ಮಣ್ಣು ತುಂಬಿದೆವು. ಜಲ್ಲಿಯ ಜಾಗಕ್ಕೆ ಅಗೆದ ಕೆಂಪು ಮಣ್ಣನ್ನೇ ತಳ್ಳಿದರೆ ಒಂದು ಲೋಡಿನ ಹಣ ಉಳಿಯುತ್ತದೆ, ಆದರೆ ಗೋಡೆ ಉಳಿಯುವುದಿಲ್ಲ. ಬಿಚ್ಚದೆ ಬಿಟ್ಟ 30 ಅಡಿಯಲ್ಲಿ ಕೆಳಗಿನ ಅರ್ಧದ ಪಾಯಿಂಟಿಂಗನ್ನು ಉಳಿಯಿಂದ ಕೆತ್ತಿ ತೆಗೆದೆವು. ಕಣದ ಅಂಚಿಗೆ ಚರಂಡಿ ಬಂತು. ಕೆತ್ತುವಾಗ ಎರಡು ಸಂದಿನಿಂದ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ, ನೀರು ಒಸರಿತು. ಮಾಲೀಕರು ಕೋಲೂರಿಕೊಂಡು ಬಂದು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಹಳೆಯ ಕಲ್ಲಿನಲ್ಲಿ ಮುಕ್ಕಾಲು ಪಾಲು ಮತ್ತೆ ಬಳಕೆಗೆ ಬರುತ್ತದೆಂದು ಎಸ್ಟಿಮೇಟಿನಲ್ಲಿ ಹಿಡಿದಿತ್ತು. ಬಿಚ್ಚಿದಾಗ ಮುಖದಲ್ಲಿ ಮಾತ್ರ ದಪ್ಪ ಕಲ್ಲು, ಒಳಗೆ ಹೊಳೆಯ ಉರುಟುಕಲ್ಲು ಮತ್ತು ಮಣ್ಣು. ಸಿಮೆಂಟ್ ಕಚ್ಚಿದ್ದ ಕಲ್ಲುಗಳು ಬಿಡಿಸುವಾಗ ಮೂಲೆ ಒಡೆದವು. ಸಿಕ್ಕಿದ್ದು ಅರ್ಧ. ಎರಡು ಯೂನಿಟ್ ಕಲ್ಲು ಹೆಚ್ಚಿಗೆ ತರಿಸಬೇಕಾಯಿತು. ಕಲ್ಲನ್ನು ಅಳೆದು ಕೊಡುವ ಕರಾರು ಇದ್ದದ್ದರಿಂದ ಅದರ ಹಣಕ್ಕೆ ತಕರಾರು ಬರಲಿಲ್ಲ. ತಕರಾರು ಬಂದದ್ದು ಜಾರಿದ ಮಣ್ಣು ತೆಗೆದ ಕೂಲಿಗೆ ಮತ್ತು ಒರತೆಯ ಕೆಲಸಕ್ಕೆ. ಸಹಿ ಹಾಕಿದ ಕಾಗದದಲ್ಲಿ ಆ ಸಾಲು ಇದ್ದರೂ, ಮೊತ್ತ ಬರೆದಿಲ್ಲವೆಂದು ರೈಟರ್ ಬಿಲ್ಲನ್ನು ತಡೆದಿಟ್ಟರು. ಗಂಟೆಯ ಬಾಡಿಗೆ ಉಳಿಸಲು ಅಂದು ಪಟ್ಟು ಹಿಡಿದವರೂ ಅವರೇ. ಈಗ ನಾನು ಆ ಸಾಲಿಗೆ ದಿನಗೂಲಿಯ ದರದ ಜೊತೆಗೆ ಒಂದು ಮಿತಿಯನ್ನೂ ಬರೆಯುತ್ತೇನೆ. ಆ ಮಿತಿ ದಾಟುವ ಮೊದಲು ಕೆಲಸ ನಿಲ್ಲಿಸಿ ಮಾಲೀಕರನ್ನೇ ಸ್ಥಳಕ್ಕೆ ಕರೆಯುತ್ತೇನೆ. ಭಾಗ ಮಾಡಿ ಬಿಚ್ಚುವ ಕ್ರಮವನ್ನು ಕರಾರಿನ ಮೊದಲ ಪುಟದಲ್ಲಿಯೇ ಹಾಕುತ್ತೇನೆ. ಅದು ಚೌಕಾಸಿಗೆ ಸಿಗುವ ವಿಷಯವಲ್ಲ.

ಒಟ್ಟು ಬಿಲ್ಲಿನಲ್ಲಿ ಶೇಕಡಾ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುವ ಷರತ್ತಿಗೆ ನಾನೇ ಒಪ್ಪಿದ್ದೆ. ಹೊಸ ಗೋಡೆಯ ಮುಖದಲ್ಲಿ ಗುರುತು ಮಾಡಿ ಅಳತೆ ಬರೆದಿಟ್ಟಿದ್ದೆ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ವಾರ ಹೋಗಿ ದಾರ ಕಟ್ಟಿ ನೋಡಿದಾಗ ಗುರುತುಗಳು ಸರಿದಿರಲಿಲ್ಲ, ಬುಡದ ಪೈಪಿನಿಂದ ನೀರು ಹರಿಯುತ್ತಿತ್ತು. ಹಿಡಿದಿಟ್ಟ ಹಣವನ್ನು ಮಾಲೀಕರು ಅಂದೇ ಕೊಟ್ಟರು. ಒರತೆಯ ಕೆಲಸದ ಹಣ ಇನ್ನೂ ಬಂದಿಲ್ಲ. ಮೇಸ್ತ್ರಿಗೂ ಹುಡುಗನಿಗೂ ಆ ದಿನಗಳ ಕೂಲಿಯನ್ನು ನಾನು ಕೈಯಿಂದ ಕೊಟ್ಟಿದ್ದೇನೆ, ಬಿಲ್ಲಿನ ಪ್ರತಿಯನ್ನು ಮತ್ತೊಮ್ಮೆ ಮಾಲೀಕರ ಹೆಸರಿಗೇ ಕಳುಹಿಸಿದ್ದೇನೆ.