ಮೂತ್ರ ಹಾಕಿ ಬೆಳೆದ ತರಕಾರಿ ತಿನ್ನಬಹುದಾ?

ಗಿಡಗಳಿಗೆ ಮನುಷ್ಯರ ಮೂತ್ರವನ್ನೇ ಗೊಬ್ಬರವಾಗಿ ಹಾಕುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ವಾಸನೆ ಬರಲ್ವಾ? ರೋಗ ಬರಲ್ವಾ? ಅದನ್ನ ತಿನ್ನೋದು ಹೇಗೆ?"

ಧೈರ್ಯವಾಗಿ ತಿನ್ನಬಹುದು, ಹಾಕುವ ಕ್ರಮ ಗೊತ್ತಿದ್ದರೆ.

ಊಟದಲ್ಲಿ ಒಳಹೋದ ಸಾರಜನಕದ ಬಹುಪಾಲು ಹೊರಬರುವುದು ಮೂತ್ರದಲ್ಲಿ, ಅದೂ ಯೂರಿಯಾ ರೂಪದಲ್ಲಿ. ಗೊಬ್ಬರದ ಚೀಲದಲ್ಲಿರುವ ಬಿಳಿ ಕಾಳೂ ಇದೇ ಯೂರಿಯಾ. ಜೊತೆಗೆ ರಂಜಕ, ಪೊಟ್ಯಾಷ್ ಕೂಡ ಇವೆ. ಒಬ್ಬರಿಂದ ವರ್ಷಕ್ಕೆ ಸುಮಾರು 500 ಲೀಟರ್ ಸಿಗುತ್ತದೆ. ಇಷ್ಟನ್ನೂ ನೀರಿನ ಜೊತೆ ಚರಂಡಿಗೆ ಬಿಟ್ಟು ಗೊಬ್ಬರಕ್ಕೆ ದುಡ್ಡು ಕೊಡುವುದು ನನಗಂತೂ ಸಂಕಟದ ಸಂಗತಿ.

ಈಗ ವಾಸನೆಯ ವಿಷಯ. ತಾಜಾ ಮೂತ್ರಕ್ಕೆ ಅಷ್ಟು ಘಾಟಿಲ್ಲ. ಕ್ಯಾನಿನಲ್ಲಿ ಕೆಲವು ದಿನ ಇದ್ದರೆ ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರ ಆಸುಪಾಸಿಗೆ ಏರುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುವುದು ಆ ಅಮೋನಿಯಾ. ಅಂದರೆ ಗಿಡಕ್ಕೆ ಸೇರಬೇಕಾದ ಸಾರಜನಕ ಗಾಳಿಪಾಲಾಗುತ್ತಿದೆ! ಅದಕ್ಕೇ ಮುಚ್ಚಳ ಬಿಗಿಯಾಗಿರಬೇಕು. ಬುಡದಿಂದ ಸ್ವಲ್ಪ ದೂರ ಸಣ್ಣ ಸಾಲು ಕೆದಕಿ, ಸುರಿದು, ಕೂಡಲೇ ಮಣ್ಣೆಳೆದು ನೀರು ಬಿಡಬೇಕು. ಎಲೆ ಮೇಲೆ ಚಿಮುಕಿಸಬಾರದು. ಮಣ್ಣು ಮುಚ್ಚಿದ ಮೇಲೆ ವಾಸನೆ ಅಷ್ಟಾಗಿ ಉಳಿಯುವುದಿಲ್ಲ.

ರೋಗಾಣುಗಳನ್ನು ಕೊಲ್ಲುವುದೂ ಇದೇ ಅಮೋನಿಯಾ. ಆರೋಗ್ಯವಂತರ ಮೂತ್ರದಲ್ಲಿ ರೋಗಾಣುಗಳು ಕಡಿಮೆ, ಹೆಚ್ಚಿನ ಅಪಾಯ ಬರುವುದು ಅದಕ್ಕೆ ಮಲ ಬೆರೆತಾಗ. ಹಲವು ಮನೆಗಳದ್ದನ್ನು ಒಟ್ಟುಮಾಡಿ ಎಲ್ಲ ಬೆಳೆಗೂ ಬಳಸುವುದಾದರೆ 20 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಉಷ್ಣತೆಯಲ್ಲಿ ಆರು ತಿಂಗಳು ಮುಚ್ಚಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿ. ಸ್ವಂತ ಮನೆಯದ್ದನ್ನು ಮನೆಯ ಬೆಳೆಗೇ ಹಾಕುವುದಾದರೆ ಅಷ್ಟು ಕಾಯಬೇಕಿಲ್ಲ. ಆದರೆ ಕೊನೆಯ ಸಲ ಹಾಕಿದ ಮೇಲೆ ಕೊಯ್ಲಿಗೆ ಒಂದು ತಿಂಗಳು ಅಂತರವಿರಲಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ನಾನು ಹಾಕುವುದೇ ಇಲ್ಲ. ಮನೆಯಲ್ಲಿ ಯಾರಾದರೂ ಹುಷಾರಿಲ್ಲದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರದ್ದನ್ನು ಸೇರಿಸುವುದಿಲ್ಲ.

ಒಂದಕ್ಕೆ ಮೂರು ಪಾಲು ನೀರೋ ಹತ್ತು ಪಾಲೋ ಅಂತ ತುಂಬ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಎರಡೂ ನಡೆಯುತ್ತದೆ. ಲೆಕ್ಕ ಇಡಬೇಕಾದ್ದು ಒಟ್ಟು ಎಷ್ಟು ಹಾಕಿದೆವು ಅನ್ನುವುದನ್ನು: ಒಬ್ಬರ ಒಂದು ದಿನದ ಮೂತ್ರ ಒಂದು ಚದರ ಮೀಟರ್ ಜಾಗಕ್ಕೆ, ಒಂದು ಬೆಳೆಗೆ ಸಾಕು. ಹುರುಳಿ, ಅವರೆಯಂಥ ದ್ವಿದಳ ಬೆಳೆಗಳಿಗೆ ಇದರ ಅಗತ್ಯ ಅಷ್ಟಿಲ್ಲ. ಮೂತ್ರದಲ್ಲಿ ಉಪ್ಪೂ ಇರುವುದರಿಂದ ಚೌಳು ಮಣ್ಣಿಗೆ ಬೇಡ. ಕುಂಡದ ಗಿಡಕ್ಕೆ ಚೆನ್ನಾಗಿ ತೆಳು ಮಾಡಿ ಅಪರೂಪಕ್ಕೆ ಹಾಕಿ, ನಡುನಡುವೆ ತಳದಿಂದ ಇಳಿಯುವಷ್ಟು ಬರೀ ನೀರು ಹಾಯಿಸಿ.