ಕೋಡಿಂಗ್ ಕಲೀಲಾ, ಕೃಷಿ ಓದ್ಲಾ?

ತಿಂಗಳಿಗೆ ಎರಡು ಮೂರು ಸಲವಾದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಕೇಳುವವರು ಹೆಚ್ಚಾಗಿ ಹದಿನೇಳು ಹದಿನೆಂಟು ವರ್ಷದ ಮಕ್ಕಳು. "ಅಕ್ಕಾ, ನಮ್ದು ಬೇಸಾಯದ ಮನೆ. ಕೃಷಿ ತಂತ್ರಜ್ಞಾನದಲ್ಲಿ ಕೆಲಸ ಮಾಡ್ಬೇಕು ಅಂತ ಆಸೆ. ಮೊದಲು ಕೋಡಿಂಗ್ ಕಲೀಲಾ, ಇಲ್ಲ ಕೃಷಿ ಓದ್ಲಾ?" ಒಮ್ಮೊಮ್ಮೆ ಅವರ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಅವರ ಪ್ರಶ್ನೆ ಬೇರೆ. "ಅಷ್ಟೆಲ್ಲ ಓದಿಸಿ ಮತ್ತೆ ಮಣ್ಣಿಗೇ ಕಳಿಸ್ಬೇಕಾ?"

ಮಕ್ಕಳಿಗೆ ನನ್ನ ಉತ್ತರ ಇಷ್ಟು: ಎರಡರಲ್ಲಿ ಯಾವುದನ್ನು ಓದಿದರೂ ನಡೆಯುತ್ತದೆ. ಆದರೆ ನಿಮ್ಮ ಹೊಲದ ಯಾವ ತಾಪತ್ರಯ ನಿಮ್ಮ ಮನೆಯವರ ನಿದ್ದೆ ಕೆಡಿಸಿದೆ ಅನ್ನುವುದು ಮೊದಲು ಗೊತ್ತಿರಲಿ. ಯಂತ್ರವನ್ನು ಮೊದಲು ಇಷ್ಟಪಟ್ಟು ಆಮೇಲೆ ಅದಕ್ಕೊಂದು ಕೆಲಸ ಹುಡುಕಬೇಡಿ. ನಾನು ಹಾಗೆ ಮಾಡಿದವಳೇ. ಅದಕ್ಕೇ ಹೇಳುತ್ತಿದ್ದೇನೆ.

ಓದುವಾಗ ಮಣ್ಣಿನ ತೇವ ಅಳೆಯುವ ಸೆನ್ಸರ್ ಒಂದನ್ನು ಜೋಡಿಸಿದ್ದೆ. ರಜೆಯಲ್ಲಿ ನಮ್ಮ ಮೆಣಸಿನ ಗಿಡದ ಸಾಲಿನಲ್ಲಿ ಅದನ್ನು ನೆಟ್ಟು, ಫೋನಿನಲ್ಲಿ ಗ್ರಾಫ್ ನೋಡುತ್ತಾ ಕುಳಿತೆ. ಗ್ರಾಫ್ ಪ್ರಕಾರ ಮಣ್ಣು ಒಣಗಿ ಹೋಗಿತ್ತು. ಪಂಪು ಹಾಕಿಸಿದೆ. ಮರುದಿನವೂ ಒಣ. ಮತ್ತೆ ಹಾಕಿಸಿದೆ. ಮೂರನೇ ದಿನ ಅಪ್ಪ ಬಂದು ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿದರು. ಕೈ ಬಿಚ್ಚಿದಾಗ ಉಂಡೆ ಹಾಗೇ ನಿಂತಿತ್ತು, ಅಂಗೈಯೆಲ್ಲ ಪಸೆ. "ಬಾಯಾರಿಕೆ ಆಗಿರೋದು ಗಿಡಕ್ಕಲ್ಲಮ್ಮಾ, ನಿನ್ನ ಕಡ್ಡಿಗೆ" ಅಂದರು.

ತಪ್ಪು ಎಲ್ಲಿತ್ತು ಅನ್ನುವುದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಇಂಥ ಸೆನ್ಸರ್ ನೀರನ್ನು ನೇರವಾಗಿ ಅಳೆಯುವುದಿಲ್ಲ. ತನ್ನ ಸುತ್ತ ಇರುವ ವಸ್ತುವಿನ ಒಂದು ವಿದ್ಯುತ್ ಗುಣವನ್ನು ಅಳೆದು, ಅದರಿಂದ ನೀರು ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಡೈಎಲೆಕ್ಟ್ರಿಕ್ ಅನ್ನುವ ಆ ಅಳತೆಯಲ್ಲಿ ಗಾಳಿಗೆ 1, ಒಣ ಮಣ್ಣಿಗೆ ಸುಮಾರು 3ರಿಂದ 5, ನೀರಿಗೆ ಸುಮಾರು 80. ಈ ದೊಡ್ಡ ಅಂತರದಿಂದಲೇ ಇಡೀ ಉಪಕರಣ ನಡೆಯುತ್ತದೆ. ಅದು ಮೋಸ ಹೋಗುವುದೂ ಅಲ್ಲೇ. ಕಡ್ಡಿಗೂ ಮಣ್ಣಿಗೂ ನಡುವೆ ಉಗುರು ತೂರುವಷ್ಟು ಸಂದು ಉಳಿದರೂ ಸಾಕು, ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆಯುತ್ತದೆ. ಗಿಡದ ಬುಡ ಒದ್ದೆ, ಗ್ರಾಫ್ ಒಣ. ನಾನು ದಪ್ಪ ಕಬ್ಬಿಣದ ಸಲಾಕೆಯಿಂದ ತೂತು ಮಾಡಿ, ಅದರೊಳಗೆ ಸೆನ್ಸರನ್ನು ಸುಮ್ನೆ ಇಳಿಬಿಟ್ಟಿದ್ದೆ. ಅದೇ ಮಣ್ಣನ್ನು ನೀರಲ್ಲಿ ಕಲಸಿ, ಕೆಸರು ಮಾಡಿ, ಸುತ್ತ ತುಂಬಿ ಕೂರಿಸಿದ ಮೇಲೆ ಸರಿಯಾಯಿತು.

ಈ ಕತೆಯನ್ನು ಹಲವು ಕಡೆ ಹೇಳಿದ್ದೇನೆ. ಕೇಳಿದವರು ಕೂಡಲೇ "ನೋಡಿ, ಹಿರಿಯರ ಅನುಭವದ ಮುಂದೆ ಯಂತ್ರ ಏನೂ ಅಲ್ಲ" ಅಂತ ಚಪ್ಪಾಳೆ ತಟ್ಟುತ್ತಾರೆ. ನನಗೆ ಅದು ಅಷ್ಟು ಇಷ್ಟವಿಲ್ಲ. ಯಾಕೆಂದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ವರ್ಷ ಅದೇ ಸಾಲಿನಲ್ಲಿ ಇನ್ನೊಂದು ಸೆನ್ಸರನ್ನು ಎರಡು ಅಡಿ ಆಳಕ್ಕೆ ಇಳಿಸಿದೆ. ನೀರು ಬಿಟ್ಟಾಗಲೆಲ್ಲ ಅಲ್ಲೂ ತೇವ ಏರುತ್ತಿತ್ತು. ಅಂದರೆ ನೀರು ಹೆಚ್ಚಿನ ಬೇರುಗಳಿರುವ ಆಳವನ್ನೂ ದಾಟಿ ಕೆಳಗೆ ಇಳಿದು ಹೋಗುತ್ತಿತ್ತು. ನೀರಿನ ಜೊತೆ ಹಾಕಿದ ಯೂರಿಯಾದ ಸಾರವೂ ಇಳಿಯುತ್ತದೆ. ಅಪ್ಪನ ಮುಷ್ಟಿಗೆ ಸಿಗುವುದು ಮೇಲಿನ ಒಂದು ಗೇಣು ಮಣ್ಣು ಮಾತ್ರ. ಮೂವತ್ತು ವರ್ಷ ಹದ ನೋಡಿದ ಕೈಗೂ ಎರಡಡಿ ಕೆಳಗೆ ಏನಾಗುತ್ತಿದೆ ಅನ್ನುವುದು ಗೊತ್ತಿರಲಿಲ್ಲ. ಅವರು ಗ್ರಾಫ್ ನೋಡಿ ಏನೂ ಹೇಳಲಿಲ್ಲ. ಪಂಪು ಓಡಿಸುವ ಹೊತ್ತನ್ನು ಮಾತ್ರ ಕಡಿಮೆ ಮಾಡಿದರು.

ಹೊಲದಲ್ಲಿ ಬೆಳೆದ ಮಕ್ಕಳ ಹತ್ತಿರ ಇರುವ ಆಸ್ತಿ ಇದೇ ಅಂತ ನನಗನಿಸುತ್ತದೆ. ಒಂದು ಸಂಖ್ಯೆ ಕಂಡ ಕೂಡಲೇ "ಇದು ಸಾಧ್ಯವಾ?" ಅನ್ನುವ ಅನುಮಾನ ಅವರಿಗೆ ತಾನಾಗಿ ಹುಟ್ಟುತ್ತದೆ. ಆ ಅನುಮಾನವನ್ನು ಒರೆಗೆ ಹಚ್ಚುವುದು ಹೇಗೆ ಅನ್ನುವುದನ್ನು ಓದಿ ಕಲಿಯಬೇಕು.

ಒಂದು ಉದಾಹರಣೆ ಕೊಡುತ್ತೇನೆ. 2016ರಲ್ಲಿ ಬಂದ ಒಂದು ಸಂಶೋಧನೆಯಲ್ಲಿ 54,306 ಎಲೆಗಳ ಫೋಟೋ ತೋರಿಸಿ ಕಂಪ್ಯೂಟರಿಗೆ ರೋಗ ಗುರುತಿಸಲು ಕಲಿಸಿದರು. 14 ಬೆಳೆ, 26 ರೋಗ. ಪರೀಕ್ಷೆಯಲ್ಲಿ ಅದು ಶೇಕಡಾ 99.35ರಷ್ಟು ಸರಿ ಹೇಳಿತು. ಈ ಅಂಕಿಯನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಲೇಖನದಲ್ಲಿ ಇನ್ನೊಂದು ಅಂಕಿಯೂ ಇದೆ. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೋಗಳನ್ನು ಕೊಟ್ಟಾಗ ಅದು ಶೇಕಡಾ 31ರ ಆಸುಪಾಸಿಗೆ ಇಳಿಯಿತು. ಬರೆದವರು ಅದನ್ನು ಮುಚ್ಚಿಟ್ಟಿಲ್ಲ, ಅವರೇ ಹೇಳಿದ್ದಾರೆ. ಕಲಿಸಲು ಬಳಸಿದ್ದು ಒಂದೊಂದೇ ಎಲೆಯನ್ನು ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದ ಫೋಟೋಗಳು. ಹೊಲದಲ್ಲಿ ಎಲೆ ಹಾಗೆ ಸಿಗುತ್ತದಾ? ಮೇಲೆ ಧೂಳು, ಪಕ್ಕದ ಎಲೆಯ ನೆರಳು, ಒಂದೇ ಎಲೆಯಲ್ಲಿ ಎರಡು ರೋಗ, ಮೇಲಿಂದ ಹುಳ ತಿಂದ ತೂತು. ಗಿಡದ ನಡುವೆ ಓಡಾಡಿದವರು ಆ ಫೋಟೋಗಳನ್ನು ನೋಡಿದ ಕೂಡಲೇ "ಇಷ್ಟು ಚೊಕ್ಕ ಎಲೆ ಯಾರ ಹೊಲದ್ದು?" ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನು ಅಳತೆಯಾಗಿ ಮಾಡಲು ಸಂಖ್ಯಾಶಾಸ್ತ್ರ ಬೇಕು. ಎಷ್ಟು ಫೋಟೋ, ಎಷ್ಟು ಬೇರೆ ಬೇರೆ ಹೊಲಗಳಿಂದ, ಕಲಿಸಿದ್ದು ಯಾವುದು, ಪರೀಕ್ಷಿಸಿದ್ದು ಯಾವುದು.

ಹಾಗಾಗಿ ಏನು ಓದಲಿ ಅಂದರೆ, ನಾನು ಮೊದಲು ಹೇಳುವುದು ಸಂಖ್ಯಾಶಾಸ್ತ್ರ. ಮಕ್ಕಳ ಮುಖ ಸಣ್ಣಗಾಗುತ್ತದೆ, ಗೊತ್ತು. ಡ್ರೋನ್ ಅಂತ ಹೇಳಲಿ ಅಂತ ಕಾಯ್ತಿರ್ತಾರೆ! ಅದರ ಜೊತೆ ಮಣ್ಣು ಮತ್ತು ನೀರಿನ ಒಂದು ಒಳ್ಳೆಯ ಕೋರ್ಸ್. ಮೂರನೆಯದು ನಿಮ್ಮ ಒಲವು: ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಯಂತ್ರ, ಸಸ್ಯರೋಗ, ಯಾವುದಾದರೂ ಸರಿ. ಕೃಷಿ ಎಂಜಿನಿಯರಿಂಗ್ ಸಿಕ್ಕರೆ ಇವುಗಳಲ್ಲಿ ಹಲವು ಒಂದೇ ಕಡೆ ಸಿಗುತ್ತವೆ. ಸಿಗದಿದ್ದರೆ ಬಾಗಿಲು ಮುಚ್ಚಿತು ಅಂತೇನೂ ಇಲ್ಲ. ಕೋಡಿಂಗ್ ಬೇಕೇ ಬೇಕು, ಆದರೆ ಮೊದಲಿಗೆ ಒಂದು ಕಡತದ ಅಂಕಿಗಳನ್ನು ಓದಿ, ಕೆಟ್ಟದ್ದನ್ನು ಬೇರೆ ಮಾಡಿ, ಗ್ರಾಫ್ ಹಾಕುವಷ್ಟು ಸಾಕು.

ಅಭ್ಯಾಸಕ್ಕೆ ಖರ್ಚಿಲ್ಲದ ದಾರಿಯೂ ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಮೊದಲನೆಯದು 2015ರಲ್ಲಿ ಹಾರಿತು. ಎರಡು ಸೇರಿ ಸುಮಾರು 5 ದಿನಕ್ಕೊಮ್ಮೆ ನಿಮ್ಮ ಹೊಲದ ಮೇಲೆ ಹಾಯುತ್ತವೆ. ಚಿತ್ರದ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಎಕರೆಗೆ ಸುಮಾರು 40 ಚುಕ್ಕಿ. ಚೆನ್ನಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಹಿಂದಕ್ಕೆ ಕಳಿಸುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಅನ್ನುವ ಸಂಖ್ಯೆ ಬರುತ್ತದೆ. ಎಷ್ಟು ಹಸಿರಿದೆ ಅನ್ನುವುದರ ಅಂದಾಜು ಅದು.

ಒಂದು ಬೆಳೆಗಾಲ ಪೂರ್ತಿ ನಿಮ್ಮ ಹೊಲಕ್ಕೆ ಇದನ್ನು ಲೆಕ್ಕ ಹಾಕಿ ನೋಡಿ. ಎರಡು ವಿಷಯ ಬೇಗ ಗೊತ್ತಾಗುತ್ತವೆ. ಒಂದು, ಬೆಳೆ ಜೋರಾಗಿ ಬೆಳೆಯುವ ಮಳೆಗಾಲದಲ್ಲೇ ಮೋಡ ಅಡ್ಡ ಬಂದು ಚಿತ್ರ ಸಿಗುವುದಿಲ್ಲ. ಇನ್ನೊಂದು, ಹಸಿರು ಅಂದರೆ ಬೆಳೆಯೇ ಅಂತೇನೂ ಇಲ್ಲ. ಕಳೆ ಎದ್ದ ಹೊಲ ಉಪಗ್ರಹಕ್ಕೆ ಬಹಳ ಸೊಗಸಾಗಿ ಕಾಣುತ್ತದೆ. ನಾನು ಮೊದಲ ಸಲ ಹಾಕಿದ ನಕ್ಷೆಯಲ್ಲಿ ನಮ್ಮ ಹೊಲದ ಅತಿ "ಆರೋಗ್ಯವಂತ" ಭಾಗ ಅಂತ ಬಂದದ್ದು, ಆ ಸಲ ಕಳೆ ತೆಗೆಯಲು ಆಳು ಸಿಗದೆ ಬಿಟ್ಟಿದ್ದ ಮೂಲೆ.

ಹೊಲದಿಂದ ಬಂದವರಿಗೆ ಇರುವ ಒಂದು ರೋಗವನ್ನೂ ಹೇಳಿಬಿಡುತ್ತೇನೆ. ನಮಗೆಲ್ಲ ಗೊತ್ತು ಅನ್ನುವುದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಹೊಲದಲ್ಲಿ ವೈರ್‌ಲೆಸ್ ಸೆನ್ಸರ್‌ಗಳನ್ನು ಹಾಕಿದೆವು. ಬಿತ್ತನೆಗೆ ಮುಂಚೆ ಪರೀಕ್ಷೆ ಮಾಡಿದಾಗ ಈ ಬದುವಿನಿಂದ ಆ ಬದುವಿನವರೆಗೂ ಸಿಗ್ನಲ್ ಚೆನ್ನಾಗಿತ್ತು. ಬೆಳೆ ಎದೆಮಟ್ಟ ಬಂದಾಗ ಒಂದೊಂದೇ ಸೆನ್ಸರ್ ಸುಮ್ಮನಾಯಿತು. ಎಲೆಗಳಲ್ಲಿ ತುಂಬಾ ನೀರು ಇರುತ್ತದೆ. ನೀರು ರೇಡಿಯೋ ಅಲೆಗಳನ್ನು ಹೀರಿಕೊಳ್ಳುತ್ತದೆ. ಆಂಟೆನಾವನ್ನು ಬೆಳೆಗಿಂತ ಎತ್ತರದ ಕಂಬಕ್ಕೆ ಕಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಬೆಳೆ ಬೆಳೆಯುತ್ತದೆ ಅನ್ನುವುದು ಗೊತ್ತಿರಬೇಕಾದವಳು ಇಡೀ ತಂಡದಲ್ಲಿ ನಾನೊಬ್ಬಳೇ!

ಅಪ್ಪ ಅಮ್ಮಂದಿರ ಪ್ರಶ್ನೆಗೆ ಈಗ ಬರುತ್ತೇನೆ. ಹೌದು, ಮಣ್ಣಿಗೇ ಕಳಿಸಬೇಕು. ಆದರೆ ಬೇರೆಯವರ ಮಣ್ಣಿಗೆ. ನಿಮ್ಮ ಮಗನಿಗೋ ಮಗಳಿಗೋ ಗೊತ್ತಿರುವುದು ಒಂದು ಹೊಲ, ಒಂದು ಬಗೆಯ ಮಣ್ಣು, ಒಂದು ಮನೆಯ ಲೆಕ್ಕಾಚಾರ. ಅದನ್ನು ಬಿಟ್ಟು ನಾಲ್ಕಾರು ಕಡೆ ಕೆಲಸ ಮಾಡಿದಾಗಲೇ, ನಮ್ಮಲ್ಲಿ ನಿಜವಾದದ್ದು ಅಲ್ಲಿ ನಿಜವಲ್ಲ ಅನ್ನುವುದು ಅರಿವಾಗುತ್ತದೆ. ಕೆಲಸಗಳೂ ಬರೀ ಕಂಪ್ಯೂಟರ್ ಮುಂದೆ ಇಲ್ಲ. ಸೆನ್ಸರ್‌ಗಳ ಅಳತೆ ಸರಿಪಡಿಸುವವರು ಬೇಕು, ಕೆಟ್ಟದ್ದನ್ನು ರಿಪೇರಿ ಮಾಡುವವರು ಬೇಕು. ಟ್ರ್ಯಾಕ್ಟರಿನ ಜಿಪಿಎಸ್ ಕೂರಿಸುವವರೂ ಬೇಕು. ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಪಕ್ಕದಲ್ಲೊಂದು ಸ್ಥಿರ ಕೇಂದ್ರವಿಟ್ಟು ತಿದ್ದಿಕೊಳ್ಳುವ ಆರ್‌ಟಿಕೆ ವಿಧಾನದಲ್ಲಿ ಸುಮಾರು 2 ಸೆಂಟಿಮೀಟರಿನ ಹತ್ತಿರ ಬರುತ್ತದೆ. ಕೇಂದ್ರವನ್ನು ತಪ್ಪು ಜಾಗದಲ್ಲಿಟ್ಟರೆ ಎಲ್ಲ ಸಾಲೂ ಅಷ್ಟೇ ಅಚ್ಚುಕಟ್ಟಾಗಿ ತಪ್ಪುತ್ತದೆ.

"ಸರಿ ಅಕ್ಕಾ, ಈಗ ನಾನು ಏನು ಮಾಡ್ಲಿ?" ಅಂತ ಕೊನೆಗೆ ಕೇಳುತ್ತಾರೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾಂಕ, ಮಳೆ ಬಂತಾ, ಪಂಪು ಎಷ್ಟು ಹೊತ್ತು ಓಡಿತು, ಏನು ಹಾಕಿದಿರಿ, ಏನು ಕಂಡಿರಿ. ದಿನಕ್ಕೆ ಎರಡು ಸಾಲು ಸಾಕು. ಒಂದು ಬೆಳೆ ಪೂರ್ತಿ ಬರೆಯಿರಿ. ನನ್ನ ಆ ಎರಡನೇ ವರ್ಷದ ಸೆನ್ಸರ್ ಅಂಕಿಗಳಲ್ಲಿ ಒಂದು ಕಡೆ ಒಂಬತ್ತು ದಿನ ತೇವ ಇಳಿಯುತ್ತಲೇ ಹೋಗಿತ್ತು. ಓದು ಮುಗಿಸುವಾಗ ಅದನ್ನು ನೋಡಿದ ಮೇಷ್ಟ್ರು ಸೆನ್ಸರ್ ಕೆಟ್ಟಿರಬೇಕು, ಆ ದಿನಗಳನ್ನು ತೆಗೆದುಹಾಕು ಅಂದರು. ಮನೆಗೆ ಹೋಗಿ ಹಳೇ ನೋಟ್‌ಬುಕ್ ಹುಡುಕಿದೆ. ಆ ತಾರೀಖಿಗೆ ಅಪ್ಪನ ಕೈಬರಹದಲ್ಲಿ ಒಂದೇ ಸಾಲು ಇತ್ತು: "ಮೋಟಾರು ಸುಟ್ಟಿದೆ. ರಿಪೇರಿಗೆ ಕೊಟ್ಟಿದೆ."